ಉಪ್ಪು ಹೇಗಿತ್ತು?

ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ನಾನು ಕೂಗಿದ್ದು ಒಂದೇ ಮಾತು: "ಮುಂದಕ್ಕೆ ಸರೀರಿ, ಜಾಗ ಇದೆ." ಜಾಗ ಇರುತ್ತಿರಲಿಲ್ಲ, ಅದು ಬೇರೆ ವಿಷಯ. ಈಗ ಅದೇ ಗಂಟಲಿನಲ್ಲಿ "ಹಿಂದಕ್ಕೆ ಸರೀರಿ, ಹನ್ನೆರಡು ಅಡಿ" ಎಂದು ಕೂಗುತ್ತೇನೆ. ಹೆಸರು ಪುಟ್ಟತಾಯಮ್ಮ. ಒಲೆಜ್ವರ ಬಂದು ಊರಿನ ಬಸ್ಸುಗಳೆಲ್ಲ ಡಿಪೋ ಸೇರಿದ ಮೇಲೆ ಕಂಡಕ್ಟರುಗಳನ್ನೆಲ್ಲ ಆರೋಗ್ಯ ಕಚೇರಿಯವರು ಎತ್ತಿಕೊಂಡರು. ಜನರನ್ನು ಗದರಿಸಿ ಸಾಲಿನಲ್ಲಿ ನಿಲ್ಲಿಸುವುದು ನಮಗೆ ಬಿಟ್ಟು ಇನ್ಯಾರಿಗೆ ಬರುತ್ತದೆ? ಕೆಲವರನ್ನು ಸಂತೆಗೆ ಹಾಕಿದರು, ಕೆಲವರನ್ನು ಸ್ಮಶಾನದ ಗೇಟಿಗೆ ಹಾಕಿದರು. ನನ್ನ ಪುಣ್ಯಕ್ಕೆ ಉಲ್ಲಾಸ ಪಾರ್ಕು ಸಿಕ್ಕಿತು. ಗೇಟಿನಲ್ಲಿ ಕೂತು, ಆಡಲು ಬಂದವರ ತಿಂಡಿ ವಿಚಾರಿಸುವುದು ನನ್ನ ಕೆಲಸ.

ಒಲೆಜ್ವರದ ಗುಣ ಇಷ್ಟು: ಬೆಳಗಿನ ತಿಂಡಿಯನ್ನು ಒಂದೇ ಒಲೆಯಿಂದ ತಿಂದವರಿಗೆ ಅವತ್ತು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಬೇರೆ ಬೇರೆ ಒಲೆಯಲ್ಲಿ ತಿಂದವರು ಹನ್ನೆರಡು ಅಡಿಯೊಳಗೆ ಬಂದರೆ ಹಿಡಿದುಬಿಡುತ್ತದೆ. ಯಾಕೆ ಹಾಗೆ ಎಂದು ನನ್ನನ್ನು ಕೇಳಬೇಡಿ. ಡಾಕ್ಟರನ್ನು ಕೇಳಿದರೆ ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಹಾಗಾದರೆ ನಾಲ್ಕು ಮನೆಯವರು ಸೇರಿ ಒಂದೇ ಕಡೆ ತಿಂಡಿ ಮಾಡಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಮಾಡಿಕೊಳ್ಳಬಹುದು, ಯಾರೂ ಬೇಡ ಅಂದಿಲ್ಲ. ಆದರೆ ನಮ್ಮ ಊರಿನವರು ಜ್ವರಕ್ಕೆ ಹೆದರುವುದಕ್ಕಿಂತ ಹೆಚ್ಚಾಗಿ ಪಕ್ಕದ ಮನೆಯ ಅಡುಗೆಗೆ ಹೆದರುತ್ತಾರೆ. ಯಾರು ಯಾರ ಮನೆಯಲ್ಲಿ ಕೂತು ತಿನ್ನಬಹುದು ಎನ್ನುವ ಹಳೆಯ ಲೆಕ್ಕ ಎಲ್ಲರ ತಲೆಯಲ್ಲೂ ಇದೆ, ಬಾಯಲ್ಲಿ ಮಾತ್ರ ಇಲ್ಲ. ಅದರ ಬದಲು ಸುಳ್ಳು ಹೇಳುವುದು ಅವರಿಗೆ ಸುಲಭ. ಹಾಗಾಗಿ ನನಗೆ ಕೆಲಸ.

ಪಾರ್ಕಿನೊಳಗೆ ನಿಯಮಗಳಿಗೆ ಬರವಿಲ್ಲ. ಡಿಕ್ಕಿ ಕಾರುಗಳು ಡಿಕ್ಕಿ ಹೊಡೆಯುವಂತಿಲ್ಲ. ಹನ್ನೆರಡು ಅಡಿ ಬಿಟ್ಟುಕೊಂಡು ಒಂದರ ಹಿಂದೆ ಒಂದು ಶವಯಾತ್ರೆಯ ಹಾಗೆ ಸುತ್ತು ಬರುತ್ತವೆ. ದೆವ್ವದ ಮನೆಯ ದೆವ್ವ ಮಾಸ್ಕು ಹಾಕಿಕೊಂಡು, ಗೋಡೆಗೆ ಅಂಟಿ ನಿಂತು, ದೂರದಿಂದಲೇ ಹೆದರಿಸಬೇಕು. ಮಾಸ್ಕಿನೊಳಗಿನ ಕೂಗು ಯಾರಿಗೂ ಸರಿಯಾಗಿ ಕೇಳುವುದಿಲ್ಲ. ಎಷ್ಟೋ ಜನ "ಏನಂದ್ರಿ?" ಎಂದು ವಿಚಾರಿಸಿ, ಉತ್ತರ ಸಿಗದೆ ಮುಂದೆ ಹೋಗುತ್ತಾರೆ. ದೆವ್ವದ ವೇಷದ ಮರಿಯಪ್ಪ ಈ ಅವಮಾನ ತಡೆಯಲಾರದೆ ಹದಿನೈದು ದಿನ ರಜೆ ಹಾಕಿ ಮನೆಯಲ್ಲಿ ಕೂತಿದ್ದ.

ಆದರೂ ಜನ ಬರುತ್ತಿದ್ದರು. ಬರುತ್ತಿದ್ದದ್ದು ದೊಡ್ಡ ತೊಟ್ಟಿಲಿಗೆ. ಜೈಂಟ್ ವೀಲನ್ನು ನಮ್ಮಲ್ಲಿ ಹಾಗೇ ಕರೆಯುವುದು. ಜ್ವರ ಬಂದಾಗಿನಿಂದ ನಿಂತೇ ಹೋಗಿದ್ದ ಅದನ್ನು ಎಂಟು ಭಾನುವಾರ ಮಾತ್ರ ತಿರುಗಿಸಿ ನೋಡಲು ಕಚೇರಿಯವರು ಒಪ್ಪಿದ್ದರು, ಅದಾದ ಮೇಲೆ ಇನ್ನೊಂದು ವರ್ಷ ಮಾತೇ ಇಲ್ಲ ಎಂದಿದ್ದರು. ಒಂದು ತೊಟ್ಟಿಲಿನಲ್ಲಿ ಒಂದೇ ಒಲೆಯವರು ಇರಬೇಕು ಎಂದು ಅವರ ನಿಯಮ. ಒಂದು ತೊಟ್ಟಿಲಿನಲ್ಲಿ ನಾಲ್ಕು ಜನ ಇರಲೇಬೇಕು, ಇಲ್ಲದಿದ್ದರೆ ತೂಕ ತಪ್ಪಿ ವಾಲುತ್ತದೆ ಎಂದು ಪಾರ್ಕಿನ ಮೆಕ್ಯಾನಿಕ್‌ನ ನಿಯಮ. ಇಬ್ಬರ ಮಾತೂ ಸರಿಯೇ. ಐವರಿರುವ ಮನೆಯವರು ಯಾರನ್ನು ಬಿಟ್ಟು ಹೋಗುವುದು ಎಂದು ಗೇಟಿನ ಮುಂದೆಯೇ ಚರ್ಚೆ ಮಾಡುತ್ತಿದ್ದರು, ಕೊನೆಗೆ ಚಿಕ್ಕಪ್ಪನನ್ನು ಬಿಡುತ್ತಿದ್ದರು. ಮೂವರಿರುವ ಮನೆಯವರು ಸಾಲಿನಲ್ಲೇ ಯಾರನ್ನಾದರೂ ಒಬ್ಬರನ್ನು ಹಿಡಿದು, "ಇವರು ನಮ್ಮ ದೊಡ್ಡಮ್ಮ" ಎಂದು ಕರೆತರುತ್ತಿದ್ದರು. ದೊಡ್ಡಮ್ಮನ ಹೆಸರು ಕೇಳಿದರೆ ಇಡೀ ಸಂಸಾರ ಒಬ್ಬರ ಮುಖ ಒಬ್ಬರು ನೋಡುತ್ತಿತ್ತು.

ಗೇಟಿನಲ್ಲಿ ಎರಡು ಮೇಜು. ಒಂದರಲ್ಲಿ ನಾನು, ಹನ್ನೆರಡು ಅಡಿ ಆಚೆಗೆ ಇನ್ನೊಂದರಲ್ಲಿ ಬೋರಲಿಂಗಯ್ಯ. ಬೋರಲಿಂಗಯ್ಯ ಮೊದಲು ಕಲ್ಯಾಣ ಮಂಟಪದಲ್ಲಿದ್ದವರು, ಕರೆಯದೆ ಊಟಕ್ಕೆ ಬಂದವರನ್ನು ಪಂಕ್ತಿಯಲ್ಲೇ ಗುರುತಿಸುವುದರಲ್ಲಿ ಹೆಸರು ಮಾಡಿದವರು. ಬಂದ ನಾಲ್ವರನ್ನು ನಾಲ್ಕು ಹಳದಿ ವೃತ್ತಗಳಲ್ಲಿ ಬೇರೆ ಬೇರೆ ನಿಲ್ಲಿಸಿ, ಕೈಗೆ ಒಂದೊಂದು ಸ್ಲೇಟು ಕೊಟ್ಟು, ಬೆಳಿಗ್ಗೆ ಏನು ತಿಂಡಿ ಎಂದು ಬರೆಯಿಸುತ್ತಿದ್ದೆವು. ನಾಲ್ಕೂ ಸ್ಲೇಟು ಒಟ್ಟಿಗೆ ತಿರುಗಿಸಬೇಕು. ಒಂದೇ ಉತ್ತರ ಇದ್ದರೆ ಒಳಗೆ, ಇಲ್ಲದಿದ್ದರೆ ಮನೆಗೆ.

ಮೊದಲ ಭಾನುವಾರ ಅರವತ್ತು ಮನೆಯವರು ಬಂದರು. ಅದರಲ್ಲಿ ಐವತ್ತೆಂಟು ಮನೆಯವರು ಉಪ್ಪಿಟ್ಟು ಎಂದು ಬರೆದರು. ನನಗೆ ಅನುಮಾನ ಬಂತು. ಉಪ್ಪಿಟ್ಟನ್ನು ಕಾಂಕ್ರೀಟು ಎಂದು ಬೈಯದೆ ತಿನ್ನುವವರು ಈ ಊರಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಅಂಥದ್ದು ಊರಿಗೆ ಊರೇ ಒಂದೇ ದಿನ ತಿಂದು ಬಂದಿದೆ ಎಂದರೆ ಹೇಗೆ ನಂಬುವುದು? ಆಮೇಲೆ ಗೊತ್ತಾಯಿತು. ಗುರುತಿಲ್ಲದವರು ಸಾಲಿನಲ್ಲಿ ನಿಂತು ಗಡಿಬಿಡಿಯಲ್ಲಿ ಒಪ್ಪಿಕೊಳ್ಳಬಹುದಾದ ತಿಂಡಿ ಅದೊಂದೇ. ದೋಸೆ ಎಂದರೆ ಚಟ್ನಿ ಯಾವುದು ಎನ್ನುವ ಮಾತು ಬರುತ್ತದೆ, ಇಡ್ಲಿ ಎಂದರೆ ಸಾಂಬಾರಿನ ಮಾತು ಬರುತ್ತದೆ. ಉಪ್ಪಿಟ್ಟಿಗೆ ಏನೂ ಇಲ್ಲ. ಉಳಿದ ಎರಡು ಮನೆಯವರು ದೋಸೆ ಎಂದು ಬರೆದಿದ್ದರು. ವಿಚಾರಿಸಿದರೆ ಅವರು ನಿಜವಾಗಿಯೂ ಉಪ್ಪಿಟ್ಟು ತಿಂದು ಬಂದವರು, ಬರೆದರೆ ಯಾರೂ ನಂಬುವುದಿಲ್ಲ ಎಂದು ಹೆದರಿ ತಮ್ಮತಮ್ಮಲ್ಲೇ ಮಾತಾಡಿಕೊಂಡು ಉಪ್ಪಿಟ್ಟನ್ನು ದೋಸೆ ಮಾಡಿದ್ದರು.

ಎರಡನೆಯ ಭಾನುವಾರ ನಾನು ಒಂದು ಹೊಸ ಪ್ರಶ್ನೆ ಸೇರಿಸಿದೆ: ಉಪ್ಪು ಹೇಗಿತ್ತು? ಸುಳ್ಳು ಸಂಸಾರದವರು ತಿಂಡಿಯ ಹೆಸರು ಮಾತಾಡಿಕೊಂಡು ಬರುತ್ತಾರೆ, ಉಪ್ಪಿನ ವಿಷಯ ಮಾತಾಡಿಕೊಂಡು ಬರುವುದಿಲ್ಲ. ಒಬ್ಬರು ಹೆಚ್ಚು ಎನ್ನುತ್ತಾರೆ, ಒಬ್ಬರು ಕಮ್ಮಿ ಎನ್ನುತ್ತಾರೆ, ದೊಡ್ಡಮ್ಮ "ಚೆನ್ನಾಗಿತ್ತು" ಎಂದು ಬರೆದು ನಗುತ್ತಾರೆ. ಒಂದೇ ಪಾತ್ರೆಯಿಂದ ತಿಂದವರಿಗೆ ಯೋಚನೆಯೇ ಬೇಡ. ಅವತ್ತು ಮೂವತ್ತೊಂಬತ್ತು ಮನೆಯವರು ವಾಪಸ್ಸು ಹೋದರು. ಕಚೇರಿಯಿಂದ ನನಗೆ ಮೆಚ್ಚುಗೆ ಪತ್ರ ಬಂತು. ಅದಕ್ಕೆ ಗಾಜು ಹಾಕಿಸಿ ಹಜಾರದಲ್ಲಿ ನೇತುಹಾಕಿದೆ. ಊರಿನಲ್ಲಿ ಅದಕ್ಕೆ ಪುಟ್ಟತಾಯಮ್ಮನ ಪ್ರಶ್ನೆ ಎಂದೇ ಹೆಸರಾಯಿತು. ಜಂಬ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಇಷ್ಟೆಲ್ಲ ಹೇಳಿಕೊಂಡ ಮೇಲೆ ಇನ್ನೊಂದು ವಿಷಯ ಮುಚ್ಚಿಡುವುದು ಸರಿಯಲ್ಲ. ನಮ್ಮ ಮನೆಯಲ್ಲಿ ಎರಡು ಒಲೆ.

ಮನೆಯಲ್ಲಿ ನಾವು ನಾಲ್ವರು. ನನ್ನ ಮಗ ಮಾದೇಶ, ಸೊಸೆ ಸುಗುಣ, ಏಳು ವರ್ಷದ ಮೊಮ್ಮಗಳು ಬಿಂದು, ಮತ್ತೆ ನಾನು. ಎರಡು ವರ್ಷದ ಹಿಂದಿನವರೆಗೂ ಒಂದೇ ಒಲೆ, ಸುಗುಣನ ಕೈ ಅಡುಗೆ. ಜ್ವರ ಆಗ ತಾನೇ ಊರಿಗೆ ಕಾಲಿಟ್ಟಿತ್ತು, ಅದು ಜ್ವರ ಎಂದು ಯಾರಿಗೂ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಡ್ಯೂಟಿಯಿಂದ ಬಂದು ಊಟಕ್ಕೆ ಕೂತೆ. ಸಾರು ಸಪ್ಪೆ. "ಉಪ್ಪು ಹಾಕೋದು ಮರೆತಿದೀಯ ಕಣೆ" ಎಂದೆ. ಹಾಕಿದ್ದೇನೆ ಎಂದಳು. ರಾತ್ರಿಯೂ ಸಪ್ಪೆ, ಮಾರನೆಯ ದಿನವೂ ಸಪ್ಪೆ. ನಾನು ಬಾಯಿ ಮುಚ್ಚಿಕೊಂಡಿರುವವಳಲ್ಲ. ನೆಂಟರ ಮುಂದೆ ಅಂದೆ, ಅವಳ ತವರಿನವರು ಬಂದಾಗ ಅವರ ಮುಂದೆಯೂ ಅಂದೆ. ಅತ್ತೆಗೆ ಬೇಕೆಂದೇ ಸಪ್ಪೆ ಸಾರು ಬಡಿಸುತ್ತಾಳೆ ಎಂದು ಬಸ್ಸಿನಲ್ಲಿ ಪ್ರಯಾಣಿಕರಿಗೆಲ್ಲ ಹೇಳಿದೆ. ಮೂವತ್ತನೆಯ ದಿನ ಸುಗುಣ ಸೌಟು ಕೆಳಗಿಟ್ಟು, "ಹಂಗಾದ್ರೆ ನಿಮಗೆ ಬೇಕಾದಂಗೆ ನೀವೇ ಮಾಡ್ಕೊಳ್ಳಿ ಅತ್ತೆ" ಎಂದಳು. ಕಣ್ಣಲ್ಲಿ ನೀರಿತ್ತು. ನಾನು ಅವತ್ತೇ ಹಿತ್ತಲ ಕೋಣೆಯಲ್ಲಿ ಬೇರೆ ಒಲೆ ಹೂಡಿದೆ.

ಹತ್ತು ದಿನ ಕಳೆದ ಮೇಲೆ ಕಚೇರಿಯವರು ಊರಲ್ಲೆಲ್ಲ ಬೋರ್ಡು ಹಾಕಿದರು: ಒಲೆಜ್ವರ ಕೆಲವರಿಗೆ ಮೈ ಬಿಸಿಯಾಗದೆಯೂ ಬರಬಹುದು, ನಾಲಿಗೆ ನಲವತ್ತು ದಿನ ಸಪ್ಪೆಯಾಗುವುದು ಅದರ ಗುರುತು. ಅದನ್ನು ಓದಿದ ಮಧ್ಯಾಹ್ನ ಬಿಂದು ಅವಳಮ್ಮನ ಸಾರನ್ನು ಒಂದು ಲೋಟದಲ್ಲಿ ತಂದು ಕೊಟ್ಟಳು. ಕುಡಿದೆ. ಉಪ್ಪು, ಹುಳಿ, ಖಾರ ಯಾವುದೂ ಒಂದು ಚೂರು ಹೆಚ್ಚಿರಲಿಲ್ಲ, ಕಮ್ಮಿ ಇರಲಿಲ್ಲ. ಲೋಟ ತೊಳೆದು ವಾಪಸ್ಸು ಕಳಿಸಿದೆ. ಏನೂ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಎರಡು ವರ್ಷ ಕಳೆಯಿತು. ಹೇಳುವುದಕ್ಕೆ ಏನಿತ್ತು, ಮೂರು ಮಾತು. ಅಷ್ಟು ಮಾತ್ರ ನನ್ನ ಗಂಟಲಿನಿಂದ ಬರುತ್ತಿರಲಿಲ್ಲ.

ಎರಡು ಒಲೆ ಎಂದ ಮೇಲೆ ಒಂದೇ ಮನೆಯೊಳಗೂ ಹನ್ನೆರಡು ಅಡಿ. ನಾನು ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದೆ, ಸುಗುಣ ಮುಂದಿನ ಬಾಗಿಲಿನಿಂದ. ಮಾದೇಶ ಹಜಾರದಲ್ಲಿ ಒಂದು ಪಟ್ಟಿ ಎಳೆದಿದ್ದ. ಬಿಂದು ಮಾತ್ರ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ದಿನಾ ಬೆಳಿಗ್ಗೆ ಅಲ್ಲೊಂದು ತಿಂಡಿ, ಇಲ್ಲೊಂದು ತಿಂಡಿ. ಎರಡೂ ಒಲೆಯಲ್ಲಿ ತಿಂದವಳಿಗೆ ಎರಡೂ ಮಡಿಲು ಸಿಗುತ್ತದೆ. ಎರಡು ವರ್ಷದಲ್ಲಿ ಹುಡುಗಿ ಗುಂಡುಗುಂಡಗೆ ಆಗಿದ್ದಳು, ಅವಳ ಲಂಗಗಳನ್ನೆಲ್ಲ ಬಿಚ್ಚಿ ಅಗಲ ಮಾಡಿಸಬೇಕಾಗಿತ್ತು.

ಊರಿಗೆ ಇದು ಗೊತ್ತಿರಲಿಲ್ಲ. ಉಪ್ಪಿನ ಪ್ರಶ್ನೆ ಕಂಡುಹಿಡಿದವಳ ಮನೆಯಲ್ಲೇ ಎರಡು ಒಲೆ ಎಂದು ಗೊತ್ತಾದರೆ ನನ್ನ ಮುಖಕ್ಕೆ ಬೆಲೆ ಇರುತ್ತದೆಯೇ?

ಏಳನೆಯ ಭಾನುವಾರ ಮಾದೇಶ, ಸುಗುಣ, ಬಿಂದು ಮೂವರೂ ಪಾರ್ಕಿನ ಸಾಲಿನಲ್ಲಿ ಕಾಣಿಸಿದರು. ನಾನು ಮೇಜಿನ ಮೇಲಿನ ಸ್ಲೇಟುಗಳನ್ನು ಸುಮ್ಮನೆ ಎಣಿಸತೊಡಗಿದೆ. ಬಿಂದುವಿನ ಟೀಚರು ತರಗತಿಗೆಲ್ಲ ಒಂದು ಚಿತ್ರ ಬರೆಯಲು ಹೇಳಿದ್ದರು, 'ಮೇಲಿನಿಂದ ನಮ್ಮ ಊರು' ಎಂದು. ಉಳಿದ ಮಕ್ಕಳೆಲ್ಲ ತೊಟ್ಟಿಲು ಹತ್ತಿ ಬಂದು ಬರೆದಿದ್ದರು. ಇವಳ ಹಾಳೆ ಖಾಲಿ ಇತ್ತು. ಸುಮ್ಮನೆ ಏನೋ ಒಂದು ಬರಿ ಎಂದರೆ, "ನೋಡದೆ ಹೆಂಗೆ ಬರೀಲಿ? ಸುಳ್ಳಾಗಲ್ವಾ?" ಎನ್ನುತ್ತಾಳೆ. ಯಾರ ಮೊಮ್ಮಗಳು.

"ಅಜ್ಜೀ, ನಾಲ್ಕನೆಯವಳು ನೀನೇ ಬಾ," ಎಂದು ಸಾಲಿನಿಂದಲೇ ಕೂಗಿದಳು.

ನಮ್ಮವರನ್ನು ನಾನೇ ಪರೀಕ್ಷೆ ಮಾಡುವಂತಿರಲಿಲ್ಲ. ಬೋರಲಿಂಗಯ್ಯ ಸಂತೋಷದಿಂದ ತಮ್ಮ ಮೇಜಿಗೆ ಕರೆದರು. "ನಿಮ್ಮನೆಯೋರಿಗೆ ಪರೀಕ್ಷೆ ಯಾಕೆ ತಾಯಮ್ಮೋರೆ. ಆದ್ರೂ ಶಾಸ್ತ್ರಕ್ಕೆ ಒಂದ್ಸಲ ಬರೆದುಬಿಡಿ," ಎಂದರು. ಇಲ್ಲ, ನನಗೆ ಡ್ಯೂಟಿ ಇದೆ ಎಂದು ಹೇಳಬಹುದಿತ್ತು. ಸಾಲಿನಲ್ಲಿ ಇನ್ನೂರು ಜನ ನೋಡುತ್ತಿದ್ದರು, ಬಿಂದು ಆಗಲೇ ತನ್ನ ವೃತ್ತದಲ್ಲಿ ನಿಂತು ಕುಣಿಯುತ್ತಿದ್ದಳು. ಹೋಗಿ ನಿಂತೆ. ಬೆಳಿಗ್ಗೆ ಸುಗುಣನ ಅಡುಗೆಮನೆಯಿಂದ ರವೆ ಹುರಿಯುವ ವಾಸನೆ ಬಂದಿತ್ತು. ಸ್ಲೇಟಿನ ಮೇಲೆ ಉಪ್ಪಿಟ್ಟು ಎಂದು ಬರೆದೆ. ಅಕ್ಷರ ದುಂಡಗೆ ಬಂತು. ಬೇರೆಯವರನ್ನು ಹಿಡಿದು ಹಿಡಿದು ನನಗೂ ಅಭ್ಯಾಸವಾಗಿತ್ತೋ ಏನೋ.

ಬಿಂದು ಬಳಪ ಕೈಯಲ್ಲಿ ಹಿಡಿದು ಯೋಚನೆ ಮಾಡುತ್ತಿದ್ದಳು. "ಬೋರಲಿಂಗಯ್ಯ ತಾತ, ಯಾವ್ದು ಬರೀಬೇಕು?"

"ಬೆಳಿಗ್ಗೆ ತಿಂದಿದ್ದು ಬರಿ ಮಗಾ."

"ಅದೇ ಯಾವ್ದು? ಅಮ್ಮನ ಒಲೇದಾ, ಅಜ್ಜಿ ಒಲೇದಾ? ಅಮ್ಮಂದು ಉಪ್ಪಿಟ್ಟು. ಅಜ್ಜೀದು ರಾಗಿ ರೊಟ್ಟಿ. ನಾನು ಎರಡೂ ತಿಂದಿದೀನಿ."

ಒಂದು ಕ್ಷಣ ದೆವ್ವದ ಮನೆಯ ಮರಿಯಪ್ಪನ ಕೂಗು ಕೂಡ ಕೇಳಿಸುವಷ್ಟು ಮೌನವಾಯಿತು. ಆಮೇಲೆ ಇನ್ನೂರು ಜನ ನಕ್ಕರು. ಅದರಲ್ಲಿ ಹೆಚ್ಚಿನವರನ್ನು ನಾನೇ ಒಂದಲ್ಲ ಒಂದು ಭಾನುವಾರ ವಾಪಸ್ಸು ಕಳಿಸಿದ್ದೆ, ನಗುವುದಕ್ಕೆ ಅವರಿಗೆ ಹಕ್ಕಿತ್ತು. ಬೋರಲಿಂಗಯ್ಯ ನನ್ನ ಸ್ಲೇಟು ನೋಡಿದರು, ನನ್ನನ್ನು ನೋಡಿದರು. "ರೂಲ್ಸು ನೀವೇ ಮಾಡಿದ್ದು ತಾಯಮ್ಮೋರೆ," ಎಂದು ಮೆಲ್ಲಗೆ ಹೇಳಿ, "ಮುಂದಿನ ವಾರ ಬನ್ನಿ" ಎಂಬ ಚೀಟಿ ಮಾದೇಶನ ಕಡೆಗೆ ತಳ್ಳಿದರು. ಸುಗುಣ ತಲೆ ಎತ್ತಲಿಲ್ಲ. ನನ್ನ ಸ್ಲೇಟಿನಲ್ಲಿದ್ದ ಸುಳ್ಳನ್ನು ಅವಳು ನೋಡಿದ್ದಳು.

ಆ ವಾರ ಊರು ನನ್ನನ್ನು ಬಿಡಲಿಲ್ಲ. ಹಾಲಿನವನು ಹನ್ನೆರಡು ಅಡಿ ದೂರದಲ್ಲಿ ನಿಂತು, "ಯಾವ ಒಲೆಗೆ ಎಷ್ಟು ಹಾಲು ಅಂತ ಈಗ್ಲೇ ಹೇಳ್ಬಿಡಿ ತಾಯಮ್ಮ, ಆಮೇಲೆ ತನಿಖೆ ಆಗ್ಬಾರ್ದು," ಎಂದ. ದಾರಿಯಲ್ಲಿ ಸಿಕ್ಕವರು "ಉಪ್ಪು ಹೇಗಿತ್ತು?" ಎಂದು ಕೇಳಿ ಹೋದರು. ಮೆಚ್ಚುಗೆ ಪತ್ರವನ್ನು ನಾನೇ ಗೋಡೆಯ ಕಡೆಗೆ ತಿರುಗಿಸಿಟ್ಟೆ. ಇದನ್ನೆಲ್ಲ ತಡೆದುಕೊಂಡೆ. ಬಸ್ಸಿನಲ್ಲಿ ಇದಕ್ಕಿಂತ ಕೆಟ್ಟ ಮಾತು ಕೇಳಿದ್ದೇನೆ.

ತಡೆಯಲಾರದೆ ಹೋದದ್ದು ಬೇರೆ. ಸೋಮವಾರ ಬೆಳಿಗ್ಗೆ ಬಿಂದು ನನ್ನ ಒಲೆಯ ಬಳಿ ತಿಂಡಿಗೆ ಬರಲಿಲ್ಲ. "ಎರಡೆರಡು ತಿಂಡಿ ಸಾಕಾಯ್ತು ಅಜ್ಜಿ. ಎರಡು ಒಲೆ ಇದ್ದಿದ್ದಕ್ಕೇ ಅಲ್ವಾ ನೀನು ಸುಳ್ಳು ಬರೆದಿದ್ದು, ನಂಗಿನ್ನು ಅಮ್ಮನ ಒಲೆ ಒಂದೇ ಸಾಕು," ಎಂದು ಪಟ್ಟಿಯ ಆಚೆಯಿಂದಲೇ ಹೇಳಿದಳು. ಒಂದೇ ಒಲೆಯಲ್ಲಿ ತಿಂದವಳು ಇನ್ನೊಂದು ಒಲೆಯವಳ ಹತ್ತಿರ ಬರುವಂತಿಲ್ಲ. ಮಂಗಳವಾರ, ಬುಧವಾರವೂ ಹಾಗೇ ಆಯಿತು. ಸ್ಕೂಲು ಬಿಟ್ಟು ಬಂದು ಹಜಾರದ ಆ ತುದಿಯಲ್ಲಿ ಖಾಲಿ ಹಾಳೆ ಮುಂದಿಟ್ಟುಕೊಂಡು ಕೂರುತ್ತಿದ್ದಳು. ತಲೆ ಬಾಚಿಸಿಕೊಳ್ಳಲು ನನ್ನ ಹತ್ತಿರ ಬರುತ್ತಿದ್ದ ಮಗು, ಹನ್ನೆರಡು ಅಡಿ ದೂರದಿಂದ ನನ್ನನ್ನು ನೋಡಿ ಮತ್ತೆ ಹಾಳೆ ನೋಡುತ್ತಿದ್ದಳು. ನನಗೆ ಅಳು ಬಂತು. ಎಷ್ಟೋ ವರ್ಷವಾಗಿತ್ತು ಅತ್ತು, ಹೇಗೆ ನಿಲ್ಲಿಸಬೇಕು ಎನ್ನುವುದೇ ಮರೆತುಹೋಗಿತ್ತು. ನನ್ನ ರೊಟ್ಟಿ ದಿನಾ ಎರಡು ಮಿಕ್ಕುತ್ತಿತ್ತು.

ಶನಿವಾರ ಸಂಜೆ ಸುಗುಣ ಅಂಗಳದಲ್ಲಿ ಬಟ್ಟೆ ಮಡಿಸುತ್ತಿದ್ದಳು. ನಾನು ಹಿತ್ತಲ ಬಾಗಿಲಿನಲ್ಲಿ ನಿಂತೆ.

"ಸುಗುಣಾ, ನಾಳೆ ನಾನು ಒಲೆ ಹಚ್ಚಲ್ಲ."

ಅವಳು ಸೀರೆಯ ಅಂಚು ಸರಿ ಮಾಡುತ್ತ, "ಗ್ಯಾಸ್ ಮುಗೀತಾ ಅತ್ತೆ?" ಎಂದಳು.

"ಇಲ್ಲ. ಗ್ಯಾಸ್ ಇದೆ."

ಸೀರೆ ಮಡಿಸಿ ಮುಗಿಸಿದಳು. ಇನ್ನೊಂದು ತೆಗೆದುಕೊಂಡಳು. ಅದನ್ನೂ ಮಡಿಸಿದಳು. "ಆರೂವರೆಗೆ ಮಾಡ್ತೀನಿ. ಬಿಸಿ ಇರುವಾಗ್ಲೇ ಬಂದ್ಬಿಡಿ," ಎಂದು ಒಳಗೆ ಹೋದಳು. ನಾನು ಕ್ಷಮೆ ಕೇಳಬೇಕೆಂದೇ ನಿಂತಿದ್ದವಳು, ಗ್ಯಾಸಿನ ವಿಷಯ ಮಾತಾಡಿ ಮುಗಿಸಿದ್ದೆ.

ಭಾನುವಾರ, ಎಂಟನೆಯದು, ಕೊನೆಯದು. ಆರೂವರೆಗೆ ಹೋಗಿ ಪಟ್ಟಿಯ ಈಚೆ ಮಣೆ ಹಾಕಿಕೊಂಡು ಕೂತೆ. ಸುಗುಣ ತಟ್ಟೆಯನ್ನು ಹಜಾರದ ನಡುವೆ ಇಟ್ಟು ಹಿಂದೆ ಸರಿದಳು. ಮೊದಲ ತುತ್ತು ಒಳಗೆ ಹೋಗುವವರೆಗೆ ಹತ್ತಿರ ಬರುವಂತಿಲ್ಲ. ತಟ್ಟೆಯಲ್ಲಿ ಉಪ್ಪಿಟ್ಟು. ಬೇರೆ ಏನೂ ಸಿಗಲಿಲ್ಲವೇ ಇವಳಿಗೆ, ಬೋರಲಿಂಗಯ್ಯ ಇದನ್ನು ನಂಬುತ್ತಾರೆಯೇ ಎಂದುಕೊಂಡೆ. ಸುಗುಣ ಅಡುಗೆಮನೆಯ ಬಾಗಿಲಿನಲ್ಲಿ ಸೆರಗು ಹಿಡಿದು ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಒಂದು ತುತ್ತು ತಿಂದೆ. ಬಿಂದು ಓಡಿಬಂದು ತೊಡೆಯ ಮೇಲೆ ಕೂತಳು, ಆರು ದಿನದ ಮೇಲೆ. ಎರಡನೆಯ ತುತ್ತಿಗೆ ನನ್ನ ಕೈ ತಾನಾಗಿ ಉಪ್ಪಿನ ಡಬ್ಬಿಯ ಕಡೆಗೆ ಹೋಯಿತು. ಹಾಗೇ ತಿರುಗಿಸಿ ಪಕ್ಕದ ನೀರಿನ ಲೋಟ ತೆಗೆದುಕೊಂಡೆ. "ಇನ್ನೊಂಚೂರು ಹಾಕಮ್ಮ," ಎಂದೆ. ತಿಂದು ಮುಗಿಸಿ ಮತ್ತೊಮ್ಮೆ ಹಾಕಿಸಿಕೊಂಡೆ. ಸುಗುಣ ಬಡಿಸಿದಳು.

ಪಾರ್ಕಿನ ಸಾಲಿನಲ್ಲಿ ಊರಿಗೆ ಊರೇ ಇತ್ತು. ತೊಟ್ಟಿಲು ಹತ್ತುವುದಕ್ಕೆ ಬಂದವರಿಗಿಂತ ನನ್ನನ್ನು ನೋಡುವುದಕ್ಕೆ ಬಂದವರೇ ಹೆಚ್ಚು. ನಾನು ರಜೆ ಹಾಕಿ ನಾಲ್ಕನೆಯವಳಾಗಿ ನಿಂತಿದ್ದೆ. ಬೋರಲಿಂಗಯ್ಯ ನಾಲ್ಕು ಸ್ಲೇಟು ಕೊಟ್ಟರು. ತಿಂಡಿ ಏನು? ನಾಲ್ಕೂ ಸ್ಲೇಟಿನಲ್ಲಿ ಉಪ್ಪಿಟ್ಟು. ಸಾಲಿನಲ್ಲಿ ಯಾರೋ ಕೆಮ್ಮಿದರು. ಬೋರಲಿಂಗಯ್ಯ ಹುಬ್ಬು ಏರಿಸಿದರು. "ಒರೆಸಿ. ಈಗ ಎರಡನೇದು. ಉಪ್ಪು ಹೇಗಿತ್ತು?"

ನಾನು ತಡಮಾಡದೆ ಬರೆದೆ. ಸ್ಲೇಟು ತಿರುಗಿಸಿ ಎಂದರು, ತಿರುಗಿಸಿದೆವು.

ನನ್ನದರಲ್ಲಿ 'ಸರಿಯಾಗಿತ್ತು'. ಸುಗುಣನದರಲ್ಲಿ 'ಕಮ್ಮಿ ಇತ್ತು'. ಮಾದೇಶನದರಲ್ಲಿ 'ಗಮನಿಸಲಿಲ್ಲ', ಈ ಇಬ್ಬರು ಹೆಂಗಸರ ನಡುವೆ ಅವನು ಇಷ್ಟು ವರ್ಷ ಉಳಿದುಕೊಂಡಿರುವುದೇ ಆ ಒಂದು ಮಾತಿನ ಬಲದಿಂದ. ಬಿಂದುವಿನ ಸ್ಲೇಟಿನಲ್ಲಿ ದೊಡ್ಡ ಅಕ್ಷರದಲ್ಲಿ 'ಅಜ್ಜಿ ಎರಡು ಸಲ ಹಾಕಿಸಿಕೊಂಡಳು'.

ನಾಲ್ಕು ಸ್ಲೇಟು, ನಾಲ್ಕು ಉತ್ತರ. ಬೋರಲಿಂಗಯ್ಯ ತಲೆಗೆ ಕೈ ಹೊತ್ತು ಕೂತರು. ಬಿಂದುವಿನ ಮುಖ ಇಷ್ಟು ಸಣ್ಣದಾಯಿತು.

"ಅತ್ತೆ, ಕಮ್ಮಿ ಇತ್ತು ಅಂತ ಬರೀಬಾರ್ದಿತ್ತಾ," ಎಂದಳು ಸುಗುಣ. "ನೀವು ಯಾವಾಗ್ಲೂ ಅದನ್ನೇ ಅಲ್ವಾ ಹೇಳೋದು. ಅದಕ್ಕೇ ನಾನೂ ಅದನ್ನೇ ಬರೆದೆ."

"ಸರಿಯಾಗಿತ್ತು ಕಣೆ."

"ಮಾಡಿದೋಳು ನಾನು, ನಂಗೊತ್ತಿಲ್ವಾ? ಕಮ್ಮಿ ಇತ್ತು."

"ಸರಿಯಾಗಿತ್ತು ಅಂದೆನಲ್ಲ."

"ಇಲ್ಲ ಅತ್ತೆ."

ಸಾಲಿನಲ್ಲಿ ನಗು ಶುರುವಾಗುವುದರಲ್ಲಿತ್ತು. ಸುಗುಣನ ಕಣ್ಣಲ್ಲಿ ನೀರು ನೋಡಿದೆ. ಎರಡು ವರ್ಷದ ಹಿಂದೆ ಸೌಟು ಕೆಳಗಿಟ್ಟಾಗ ಇದ್ದ ಅದೇ ನೀರು. ಇವಳು ನನ್ನ ಬೈಗುಳಕ್ಕೆ ಹೊಂದುವ ಹಾಗೆ ತನ್ನ ಉತ್ತರ ಬರೆದಿದ್ದಾಳಲ್ಲ ಎಂದುಕೊಂಡೆ. ಆಮೇಲೆ ಬಾಯಿ ತಾನಾಗಿ ತೆರೆಯಿತು. ಬಂದದ್ದು ಬಸ್ಸಿನ ಗಂಟಲು, ಅದು ಕಡೆಯ ಸೀಟಿಗೂ ಕೇಳಿಸುವಂಥದ್ದು.

"ಇವತ್ತಿನ ಉಪ್ಪು ಬಿಡೆ. ಎರಡು ವರ್ಷದ ಹಿಂದೆ ಸಾರು ಸಪ್ಪೆ ಅಂದಿದ್ನಲ್ಲ, ಅವತ್ತು ಸರಿಯಾಗಿತ್ತು. ಮೂವತ್ತು ದಿನವೂ ಸರಿಯಾಗಿತ್ತು. ಕೆಟ್ಟಿದ್ದು ನನ್ನ ನಾಲಿಗೆ. ಬೋರ್ಡು ಓದಿದ ದಿನವೇ ನಂಗೆ ಗೊತ್ತಾಯ್ತು, ಆದ್ರೂ ಹೇಳ್ಲಿಲ್ಲ. ಊರಿಗೆಲ್ಲ ನಿನ್ನ ಅಡುಗೆ ಸಪ್ಪೆ ಅಂತ ಸಾರಿದೋಳು ನಾನು, ಊರಿನ ಮುಂದೇನೇ ಹೇಳ್ತೀನಿ. ತಪ್ಪಾಯ್ತು ಕಣಮ್ಮ."

ಯಾರೂ ನಗಲಿಲ್ಲ. ಸುಗುಣ ಸ್ಲೇಟನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು, ಅವಳ ಸೀರೆಗೆಲ್ಲ ಬಳಪ ಮೆತ್ತಿತ್ತು. ಮಾದೇಶ ಆಕಾಶ ನೋಡುತ್ತಿದ್ದ. ಬೋರಲಿಂಗಯ್ಯ ನಾಲ್ಕೂ ಸ್ಲೇಟುಗಳನ್ನು ಮತ್ತೊಮ್ಮೆ ಓದಿದರು.

"ಉತ್ತರ ಒಂದೇ ಇಲ್ಲ," ಎಂದರು. "ರೂಲ್ಸು ಪ್ರಕಾರ ವಾಪಸ್ಸು ಕಳಿಸ್ಬೇಕು. ಆದ್ರೆ ಮಂಟಪದಲ್ಲಿ ಮೂವತ್ತು ವರ್ಷ ನಾನು ನೋಡಿರೋದು ಒಂದೇ. ಕರೀದೆ ಬಂದೋರು ಎಲೆ ಮುಂದೆ ಕೂತು, ಅಡುಗೆ ಬಾಳ ಚೆನ್ನಾಗಿದೆ ಅಂತಾರೆ. ಉಪ್ಪಿಗೆ ಜಗಳ ತೆಗೆಯೋರು ಮನೆಯೋರು ಮಾತ್ರ." ನಾಲ್ಕು ಟಿಕೆಟು ಹರಿದು ಮೇಜಿನ ಮೇಲಿಟ್ಟರು. "ಹೋಗಿ. ಮಗು ಕಾಯ್ತಾ ಇದೆ."

ತೊಟ್ಟಿಲಿನಲ್ಲಿ ನಾನು, ಸುಗುಣ ಒಂದು ಕಡೆ, ಅಪ್ಪ ಮಗಳು ಎದುರಿಗೆ. ಮೇಲೇರುತ್ತಿದ್ದ ಹಾಗೆ ಸುಗುಣ ಕಣ್ಣು ಮುಚ್ಚಿಕೊಂಡು ನನ್ನ ತೋಳು ಹಿಡಿದಳು. ಎತ್ತರ ಎಂದರೆ ಅವಳಿಗೆ ಭಯ ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ಹಾಗಿದ್ದೂ ಮಗಳಿಗಾಗಿ ಎರಡು ಭಾನುವಾರ ಸಾಲಿನಲ್ಲಿ ನಿಂತಿದ್ದಳು. ಬಿಂದು ಕಂಬಿ ಹಿಡಿದು ಊರನ್ನು ಓದುತ್ತಿದ್ದಳು: ಅದು ಸ್ಕೂಲು, ಅದು ಡಿಪೋ, ಅಷ್ಟು ಬಸ್ಸು ನಿಂತಿವೆ, ಮೇಲೆ ನೀಲಿ ಡ್ರಮ್ಮು ಇರೋದು ನಮ್ಮನೆ. ತುತ್ತತುದಿಗೆ ಬಂದಾಗ ತೊಟ್ಟಿಲು ನಿಂತಿತು. ಕೆಳಗೆ ಇನ್ನೊಂದು ಮನೆಯವರು ಹತ್ತುತ್ತಿದ್ದರು. ಗಾಳಿ ಬೀಸುತ್ತಿತ್ತು.

"ಅತ್ತೆ," ಎಂದಳು ಸುಗುಣ, ಕಣ್ಣು ತೆರೆಯದೆ. "ನಿಜವಾಗ್ಲೂ ಕಮ್ಮಿ ಇತ್ತು. ಬೆಳಿಗ್ಗೆ ಕೈ ನಡುಗ್ತಿತ್ತು, ಹಾಕಿದ್ನೋ ಇಲ್ವೋ ಅಂತ್ಲೇ ಗೊತ್ತಾಗ್ಲಿಲ್ಲ."

"ಗೊತ್ತು ಕಣೆ. ನೀನು ಹಾಕೇ ಇರ್ಲಿಲ್ಲ."

ಅವಳು ಕಣ್ಣು ತೆರೆದಳು. "ಸ್ವಲ್ಪಾನೂ?"

"ಒಂದು ಹರಳೂ ಇಲ್ಲ. ಕಾಂಕ್ರೀಟಿಗಾದ್ರೂ ಒಂದು ರುಚಿ ಇರುತ್ತೆ."

ಎದುರಿನ ಸೀಟಿನಿಂದ ಮಾದೇಶ, "ನಾನು ಗಮನಿಸಿದ್ದೆ," ಎಂದ. ಇಬ್ಬರೂ ಅವನನ್ನು ನೋಡಿದೆವು. ಅವನು ಮತ್ತೆ ಆಕಾಶ ನೋಡಿದ.

"ಮತ್ತೆ ಎರಡು ಸಲ ಹಾಕಿಸ್ಕೊಂಡ್ರಲ್ಲ," ಎಂದಳು ಸುಗುಣ. ತೋಳಿನ ಮೇಲಿದ್ದ ಅವಳ ಕೈಯ ಮೇಲೆ ಕೈ ಇಟ್ಟೆ. ಬೆರಳಿಗೆ ಬಳಪದ ಪುಡಿ ಅಂಟಿತು. ತೊಟ್ಟಿಲು ಒಂದು ಸಲ ನಡುಗಿ ಕೆಳಗೆ ಇಳಿಯತೊಡಗಿತು. ಅವಳು ಮತ್ತೆ ಕಣ್ಣು ಮುಚ್ಚಿಕೊಂಡಳು.

"ನಾಳೆ ನೋಡ್ಕೊಂಡು ಹಾಕ್ತೀನಿ ಬಿಡಿ," ಎಂದಳು.